ಟ್ವೀಡ್ ಕಿಲ್ಟ್ ಹಾಕಿದರೆ ವೇಷ ಕಟ್ಟಿದ ಹಾಗೆ ಕಾಣುತ್ತಾ?

ಓದುಗರೊಬ್ಬರ ಪ್ರಶ್ನೆ:

"ಮೇಡಂ, ನಾನು ದಾವಣಗೆರೆಯವನು, ಈಗ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸ. ಅಕ್ಟೋಬರ್ ಕೊನೆಗೆ ಇನ್ವರ್ನೆಸ್ ಹತ್ತಿರ ನಮ್ಮ ಆಫೀಸಿನ ಗೆಳೆಯನ ಮದುವೆ ಇದೆ. ಇನ್ನು ಏಳು ವಾರ ಉಳಿದಿದೆ. 'ಕಿಲ್ಟ್ ಹಾಕ್ಕೊಂಡೇ ಬಾ' ಅಂತ ಅವನೇ ಹೇಳಿದ್ದಾನೆ, ಅದೇ ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತುವ ಮಂಡಿಯುದ್ದದ ನಿರಿಗೆ ಉಡುಪು. ಟಾರ್ಟನ್ ಚೌಕುಳಿ ಒಂದೊಂದು ಮನೆತನಕ್ಕೆ ಸೇರಿದ್ದು, ನಾವು ಹಾಕಬಾರದು ಅಂತ ಒಬ್ಬರು ಹೇಳಿದರು. ಟ್ವೀಡ್, ಅಂದರೆ ಆ ಒರಟು ಉಣ್ಣೆ ಬಟ್ಟೆ, ಯಾರದ್ದೂ ಅಲ್ಲ, ಅದನ್ನ ಹಾಕು ಅಂತ ಇನ್ನೊಬ್ಬರು. ಟ್ವೀಡ್ ಕಿಲ್ಟ್ ಅಸಲಿ ಕಿಲ್ಟೇ ಅಲ್ಲ, ಈಚಿನ ಫ್ಯಾಷನ್ ಅಂತ ಮತ್ತೊಬ್ಬರು. ಆನ್‌ಲೈನ್‌ನಲ್ಲಿ 45 ಪೌಂಡಿಗೆ ಸಿಗುತ್ತೆ, ಅಂಗಡಿಯಲ್ಲಿ 700 ಅಂತಾರೆ. ಹೋದ ವರ್ಷ ಟ್ವೀಡ್ ಕೋಟು ಹಾಕಿ ಕುತ್ತಿಗೆಯೆಲ್ಲ ಕೆರೆದು ಕೆಂಪಾಗಿತ್ತು, ಉಣ್ಣೆ ಅಲರ್ಜಿ ಇರಬಹುದಾ? ಫೋನಿನಲ್ಲಿ ಅಮ್ಮನಿಗೆ ಹೇಳಿದರೆ 'ಲಂಗ ಹಾಕ್ಕೊಂಡು ಮದುವೆಗೆ ಹೋಗ್ತೀಯಾ' ಅಂತ ನಗ್ತಾರೆ. ಒಳಗೆ ಏನೂ ಹಾಕಬಾರದು ಅನ್ನೋದು ನಿಜವಾ? ಕೊಂಡರೆ ಮುಂದೆ ಬೆಂಗಳೂರಿನಲ್ಲೂ ಹಾಕಬಹುದಾ?"

ಉತ್ತರ:

ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆ ಇದ್ದರೂ ನಿಜವಾದ ಚಿಂತೆ ಒಂದೇ ಅನ್ನಿಸುತ್ತೆ. ಅಷ್ಟು ಜನರ ಮಧ್ಯೆ ವೇಷ ಹಾಕಿಕೊಂಡು ಬಂದವನ ಹಾಗೆ ಕಾಣುತ್ತೀನಾ ಅಂತ. ನಾನು ಎಡಿನ್‌ಬರೋದಲ್ಲಿ ಕಿಲ್ಟ್ ಹೊಲಿಯುವ ಕೆಲಸದಲ್ಲಿದ್ದೇನೆ. ಇದೇ ಚಿಂತೆ ಹೊತ್ತು ನಮ್ಮ ಮೇಜಿನ ಮುಂದೆ ನಿಲ್ಲುವವರಲ್ಲಿ ಅರ್ಧಕ್ಕರ್ಧ ಜನ ಇಲ್ಲೇ ಹುಟ್ಟಿ ಬೆಳೆದವರು ಅಂದರೆ ನೀವು ನಂಬಲಿಕ್ಕಿಲ್ಲ. ಗ್ಲಾಸ್ಗೋ ಹುಡುಗರೂ ಅಳತೆ ಕೊಡುವಾಗ ಅತ್ತ ಇತ್ತ ನೋಡ್ತಾ ನಿಲ್ತಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಿಲ್ಟ್ ವೇಷದ ಹಾಗೆ ಕಾಣುವುದು ಹಾಕಿದವನ ಊರಿನಿಂದಲ್ಲ, ಅಳತೆ ತಪ್ಪಿದ್ದರಿಂದ. ಸೊಂಟ ಇಳಿದಿರುತ್ತೆ, ಉದ್ದ ಜಾಸ್ತಿ ಇರುತ್ತೆ, ಹಿಂದಿನ ನಿರಿಗೆ ಬಾಯಿ ಬಿಟ್ಟಿರುತ್ತೆ. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ. ಮೊದಲು ಹಕ್ಕಿನ ವಿಷಯ ಮುಗಿಸೋಣ.

ಟಾರ್ಟನ್ ಯಾರು ಹಾಕಬೇಕು ಅನ್ನುವುದಕ್ಕೆ ಕಾನೂನು ಇಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿ ಅನ್ನುವ ಪಟ್ಟಿ ಅನಾದಿ ಕಾಲದ್ದೂ ಅಲ್ಲ. 1746ರಲ್ಲಿ, ಸ್ಟುವರ್ಟ್ ವಂಶವನ್ನು ಮತ್ತೆ ಪಟ್ಟಕ್ಕೆ ತರಲು ಎದ್ದ ಜಾಕೊಬೈಟ್ ದಂಗೆ ಸೋತ ಮೇಲೆ, ಬ್ರಿಟಿಷ್ ಸರ್ಕಾರ ಹೈಲ್ಯಾಂಡ್, ಅಂದರೆ ಸ್ಕಾಟ್‌ಲೆಂಡಿನ ಉತ್ತರದ ಗುಡ್ಡನಾಡಿನ, ಉಡುಪನ್ನೇ ನಿಷೇಧಿಸಿತು. ಸೈನ್ಯದಲ್ಲಿ ಇದ್ದವರನ್ನು ಬಿಟ್ಟು ಬೇರೆ ಗಂಡಸರು ಹಾಕಿದರೆ ಮೊದಲ ಸಲ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಕಡಲಾಚೆ ಗಡೀಪಾರು. ಆ ಕಾನೂನು ಹೋಗಿದ್ದು 1782ರಲ್ಲಿ. ಆಮೇಲೆ 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ. ಸ್ವಾಗತದ ಉಸ್ತುವಾರಿ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್‌ದು. ಎಲ್ಲರೂ ಟಾರ್ಟನ್ ಹಾಕಿ ಬನ್ನಿ ಅಂದಾಗ, ಅಜ್ಜ ಮುತ್ತಜ್ಜನ ಕಾಲದಲ್ಲೂ ಕಿಲ್ಟ್ ಮುಟ್ಟದ ತಗ್ಗುನಾಡಿನ ಸಾಹುಕಾರರೆಲ್ಲ ದರ್ಜಿಗಳ ಹತ್ತಿರ ಓಡಿದರು. ದೊರೆ ತಾನೂ ಕಿಲ್ಟ್ ಹಾಕಿದ, ಒಳಗೆ ಮೈಬಣ್ಣದ ಬಿಗಿ ಕಾಲುಚೀಲ ತೊಟ್ಟು. ಮನೆತನದ ಟಾರ್ಟನ್‌ಗಳ ಈಗಿನ ಪಟ್ಟಿ ಬಹುಪಾಲು ಗಟ್ಟಿಯಾಗಿದ್ದು ಈ ಗಲಾಟೆಯ ಆಸುಪಾಸಿನಲ್ಲೇ. ಅಂದರೆ ಇನ್ನೊಬ್ಬರ ಉಡುಪು ಹಾಕಿ ಸಂಕೋಚ ಪಟ್ಟವರಲ್ಲಿ ನೀವು ಮೊದಲನೆಯವರಲ್ಲ, ಇದೇ ಊರಿನವರು ಇನ್ನೂರು ವರ್ಷ ಮುಂಚೆಯೇ ಆ ಸಂಕೋಚ ಪಟ್ಟು ಮುಗಿಸಿದ್ದಾರೆ.

ಈಗ ಟಾರ್ಟನ್‌ಗಳಿಗೆ ಸರ್ಕಾರದ ರಿಜಿಸ್ಟರ್ ಇದೆ, 2009ರಲ್ಲಿ ಶುರುವಾಗಿದ್ದು. ಯಾರು ಬೇಕಾದರೂ ಹೊಸ ವಿನ್ಯಾಸ ನೋಂದಾಯಿಸಬಹುದು. ಅದಕ್ಕೂ ಮುಂಚೆ, 1999ರಲ್ಲೇ, ಸ್ಕಾಟ್‌ಲೆಂಡಿನ ಸಿಖ್ಖರಿಗೆ ಸಿಂಗ್ ಟಾರ್ಟನ್ ಬಂದಿತ್ತು. ಬಾಲ್ಮೊರಲ್ ಟಾರ್ಟನ್‌ನಂಥ ಕೆಲವನ್ನು ರಾಜಮನೆತನದವರು ತಮಗೇ ಇಟ್ಟುಕೊಂಡಿದ್ದಾರೆ, ಅವು ಅಂಗಡಿಯಲ್ಲಿ ನಿಮಗೆ ಸಿಗುವುದೂ ಇಲ್ಲ. ನಿಜಕ್ಕೂ ಹುಷಾರಾಗಿರಬೇಕಾದ್ದು ಬಟ್ಟೆಯ ಮೇಲೆ ಸಿಕ್ಕಿಸುವ ಲಾಂಛನಗಳ ವಿಷಯದಲ್ಲಿ. ಮನೆತನದ ಮುದ್ರೆ, ಟೋಪಿಗೆ ಹದ್ದಿನ ಗರಿ, ರೆಜಿಮೆಂಟಿನ ಬ್ಯಾಡ್ಜು, ಇವನ್ನು ಚೆಂದ ಕಾಣುತ್ತೆ ಅಂತ ಹಾಕಿಕೊಳ್ಳಬೇಡಿ. ಗರಿ ಅಲ್ಲಿ ಪದವಿಯ ಗುರುತು, ಮುಖ್ಯಸ್ಥನಿಗೆ ಮೂರು.

ಇನ್ನು "ಟ್ವೀಡ್ ಯಾರದ್ದೂ ಅಲ್ಲ" ಅನ್ನುವ ಮಾತು. ಇದರಲ್ಲಿ ಒಂದು ತಮಾಷೆ ಇದೆ. ಅಂಗಡಿಯಲ್ಲಿ ಥಾನಿನ ಮೇಲೆ ಸಿಗುವ ಬೂದು, ಕಂದು, ಹಸಿರು ಟ್ವೀಡ್ ಯಾರು ಬೇಕಾದರೂ ಹಾಕಬಹುದು, ಸರಿ. ಆದರೆ ಎಸ್ಟೇಟ್ ಟ್ವೀಡ್ ಅಂತ ಒಂದು ಜಾತಿ ಇದೆ. ನಮ್ಮ ಕಾಫಿ ಎಸ್ಟೇಟ್ ನೆನೆಸಿಕೊಳ್ಳಬೇಡಿ, ಇವು ಜಿಂಕೆ ಬೇಟೆಯ ಗುಡ್ಡಗಾಡು ಜಮೀನುಗಳು. 19ನೇ ಶತಮಾನದ ಮಧ್ಯದಲ್ಲಿ ಆ ಜಮೀನುಗಳನ್ನು ಹಿಡಿದ ಹೊಸ ಸಾಹುಕಾರರಿಗೆ ಮನೆತನದ ಟಾರ್ಟನ್ ಇರಲಿಲ್ಲ. ಹಾಗಾಗಿ ತಮ್ಮ ಕೆಲಸಗಾರರಿಗೆ, ಆ ಗುಡ್ಡದ ಕಲ್ಲು, ಒಣಹುಲ್ಲು, ಹೀದರ್ ಗಿಡದ ಬಣ್ಣಕ್ಕೇ ಹೊಂದಿಸಿ ಟ್ವೀಡ್ ನೇಯಿಸಿದರು. ಜಿಂಕೆಗೆ ಕಾಣದ ಹಾಗೆ ಮನುಷ್ಯ ಗುಡ್ಡದಲ್ಲಿ ಕರಗಿಹೋಗಬೇಕು, ಅಷ್ಟೇ ಲೆಕ್ಕ. ಗ್ಲೆನ್‌ಫೆಶಿಯ ಟ್ವೀಡ್ ಇವುಗಳಲ್ಲಿ ಮೊದಲನೆಯದು ಅನ್ನುತ್ತಾರೆ. ಬಾಲ್ಮೊರಲ್‌ನದ್ದನ್ನು ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ರೂಪಿಸಿದ, ಅಲ್ಲಿನ ಗ್ರಾನೈಟ್ ಬಣ್ಣಕ್ಕೆ. ಇಂಥ ಟ್ವೀಡನ್ನು ಎಸ್ಟೇಟಿನವರ ಒಪ್ಪಿಗೆ ಇಲ್ಲದೆ ಗಿರಣಿಯವರು ಸಾಮಾನ್ಯವಾಗಿ ಮಾರುವುದಿಲ್ಲ. ಮನೆತನದ ಟಾರ್ಟನ್ ಹಾಕಿದರೆ ಯಾರೂ ಕೇಳದಿರಬಹುದು, ಆದರೆ ಹಳೇ ಬಟ್ಟೆ ಅಂಗಡಿಯಲ್ಲಿ ಸಿಕ್ಕ ಎಸ್ಟೇಟ್ ಟ್ವೀಡ್ ಹಾಕಿಕೊಂಡು ಅದೇ ಊರಿನ ಮದುವೆಗೆ ಹೋದರೆ "ನೀವು ಅಲ್ಲಿ ಕೆಲಸ ಮಾಡ್ತಿದ್ರಾ" ಅಂತ ಯಾರಾದರೂ ಕೇಳುತ್ತಾರೆ. ಇನ್ವರ್ನೆಸ್ ಸುತ್ತ ಇಂಥ ಎಸ್ಟೇಟುಗಳು ಬೇಕಾದಷ್ಟಿವೆ.

ಟ್ವೀಡ್ ಕಿಲ್ಟ್ ಅಸಲಿ ಅಲ್ಲ ಅಂದವರಿಗೆ ಲಂಡನ್ ಸ್ಕಾಟಿಷ್ ಪಡೆಯ ಕಥೆ ಹೇಳಿ. 1859ರಲ್ಲಿ ಲಂಡನ್ನಿನಲ್ಲಿದ್ದ ಸ್ಕಾಟರೆಲ್ಲ ಸೇರಿ ಕಟ್ಟಿದ ಸ್ವಯಂಸೇವಕ ಪಡೆ ಅದು. ಯಾವ ಟಾರ್ಟನ್ ಹಾಕಬೇಕು ಅನ್ನುವ ಜಗಳವೇ ಬೇಡ ಅಂತ ಅದರ ಕಮಾಂಡರ್ ಲಾರ್ಡ್ ಎಲ್ಕೊ ಹಾಡನ್ ಗ್ರೇ ಅನ್ನುವ ಮಣ್ಣುಬೂದು ಬಣ್ಣದ ಸಾದಾ ಬಟ್ಟೆ ಆರಿಸಿದ. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಮೆಸೀನ್‌ನಲ್ಲಿ ಆ ಪಡೆ ಜರ್ಮನರ ಎದುರು ಕಾದಾಡಿದಾಗ ಸೈನಿಕರ ಸೊಂಟದಲ್ಲಿ ಇದ್ದದ್ದು ಆ ಬೂದು ಕಿಲ್ಟೇ. ಚೌಕುಳಿ ಇಲ್ಲದ ಕಿಲ್ಟ್ ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಮದುವೆಗಳಲ್ಲಿ ತಲೆಯಿಂದ ಮಂಡಿವರೆಗೆ ಕೋಟು, ವೇಸ್ಟ್‌ಕೋಟು, ಕಿಲ್ಟ್ ಎಲ್ಲ ಒಂದೇ ಟ್ವೀಡಿನಲ್ಲಿ ಹಾಕುವುದು ಮಾತ್ರ ಈಚಿನದು. ನನಗೆ ಅದು ಹಿಡಿಸುವುದಿಲ್ಲ. ಫೋಟೋದಲ್ಲಿ ಮನುಷ್ಯ ಎಲ್ಲಿ ಶುರು ಎಲ್ಲಿ ಕೊನೆ ಅಂತ ಗೊತ್ತಾಗುವುದಿಲ್ಲ. ಟ್ವೀಡ್ ಕಿಲ್ಟಿಗೆ ಬೇರೆ ಬಣ್ಣದ ಕೋಟು ಹಾಕಿ.

ಹಕ್ಕಿನ ಮಾತು ಇಷ್ಟೇ. ಬಟ್ಟೆಯ ವಿಷಯ ಇದಕ್ಕಿಂತ ಮುಖ್ಯ, ಯಾಕೆಂದರೆ ದುಡ್ಡು ಹಾಳಾಗುವುದು ಅಲ್ಲೇ.

ಟಾರ್ಟನ್ ಕಿಲ್ಟಿಗೆ ಬಳಸುವ ಉಣ್ಣೆಯನ್ನು ನೂಲುವ ಮುಂಚೆ ಬಾಚುತ್ತಾರೆ. ಗಿಡ್ಡ ಎಳೆಗಳೆಲ್ಲ ಉದುರಿ, ಉದ್ದದವು ಒಂದೇ ದಿಕ್ಕಿಗೆ ಮಲಗುತ್ತವೆ. ಅಂಥ ನೂಲು ನಯ, ಬಿಗಿ. ಇಸ್ತ್ರಿ ಪೆಟ್ಟಿಗೆ ಇಟ್ಟರೆ ನಿರಿಗೆಯ ಅಂಚು ಗೆರೆ ಎಳೆದ ಹಾಗೆ ಕೂರುತ್ತೆ. ಟ್ವೀಡಿನ ಉಣ್ಣೆಯನ್ನು ಬರೀ ಹಿಂಜುತ್ತಾರೆ. ಎಳೆಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡು ನೂಲು ಉಬ್ಬಿರುತ್ತೆ, ನಡುವೆ ಗಾಳಿ ತುಂಬಿರುತ್ತೆ. ಟ್ವೀಡ್ ಬೆಚ್ಚಗಿರುವುದು ಇದರಿಂದಲೇ, ನಿರಿಗೆ ಚೂಪಾಗಿ ನಿಲ್ಲದಿರುವುದೂ ಇದರಿಂದಲೇ. ಮೃದುವಾದ ಟ್ವೀಡಿನಲ್ಲಿ ಹೊಲಿದ ಕಿಲ್ಟ್ ಹಾಕಿ ಎರಡು ಗಂಟೆ ಕುರ್ಚಿಯಲ್ಲಿ ಕೂತು ಎದ್ದರೆ ಹಿಂಭಾಗ ಜೋಲು ಬಿದ್ದಿರುತ್ತೆ. ಆಮೇಲೆ ಸೊಂಟದ ದಪ್ಪ. ಪೂರ್ತಿ ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುತ್ತೆ, ಉಬ್ಬಿದ ಟ್ವೀಡಿನಲ್ಲಿ ಅಷ್ಟೂ ನಿರಿಗೆ ಹಿಡಿದರೆ ಹಿಂದೆ ದಿಂಬು ಕಟ್ಟಿದ ಹಾಗೆ ಆಗುತ್ತೆ. ಅದಕ್ಕೇ ಟ್ವೀಡಿನಲ್ಲಿ 5 ಅಥವಾ 6 ಗಜಕ್ಕೇ ನಿಲ್ಲಿಸಿ, ನಿರಿಗೆ ಅಗಲ ಮಾಡುವುದು ವಾಸಿ. ಇದು ಕಡಿಮೆ ದರ್ಜೆಯ ಕೆಲಸ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹ್ಯಾರಿಸ್ ಟ್ವೀಡ್ ಹೆಸರು ನೀವು ಕೇಳಿಯೇ ಇರುತ್ತೀರಿ. ಅದಕ್ಕೆ 1993ರಲ್ಲಿ ಪಾರ್ಲಿಮೆಂಟೇ ಒಂದು ಕಾಯ್ದೆ ಮಾಡಿದೆ. ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ಬಣ್ಣ ಹಾಕಿ ನೂತ ಶುದ್ಧ ಹೊಸ ಉಣ್ಣೆಯನ್ನು ಅಲ್ಲಿನ ಜನ ತಮ್ಮ ತಮ್ಮ ಮನೆಯಲ್ಲೇ ಕೈಯಿಂದ ನೇಯ್ದಿರಬೇಕು, ಆಗ ಮಾತ್ರ ಆ ಹೆಸರು, ಆ ಗೋಳದ ಮುದ್ರೆ. ನೇಯ್ಗೆಗೆ ಕರೆಂಟ್ ಇಲ್ಲ, ಕಾಲಿನಿಂದ ತುಳಿಯುವ ಮಗ್ಗ. ತುಂಬ ಚೆಂದದ ಬಟ್ಟೆ, ಹತ್ತಿರದಿಂದ ನೋಡಿದರೆ ಕಂದು ಅಂದುಕೊಂಡಿದ್ದರಲ್ಲಿ ನೇರಳೆ, ಹಳದಿ, ನೀಲಿ ಎಳೆಗಳು ಕಾಣುತ್ತವೆ, ಯಾಕೆಂದರೆ ಬಣ್ಣ ಹಾಕುವುದು ನೂಲಿಗಲ್ಲ, ನೂಲುವ ಮುಂಚಿನ ಉಣ್ಣೆಗೆ. ಆದರೆ ಅದರಲ್ಲಿ ಬಹುಪಾಲು ಕೋಟಿಗಾಗಿ ನೇಯ್ದಿದ್ದು. ಕಿಲ್ಟಿಗೆ ಬೇಕಾದ ಬಿಗಿ ಅದರಲ್ಲಿ ಕಡಿಮೆ. ಹೆಸರಿಗೆ ಮರುಳಾಗಬೇಡಿ. ಕಿಲ್ಟಿಗೆಂದೇ ನೇಯ್ದ ಗಟ್ಟಿ ಟ್ವೀಡ್ ಇದೆಯಾ ಅಂತ ಕೇಳಿ. ಗಜಕ್ಕೆ 13ರಿಂದ 16 ಔನ್ಸ್ ತೂಗುವ ಬಟ್ಟೆ ಸರಿಹೋಗುತ್ತೆ. ಪರೀಕ್ಷೆ ಸುಲಭ: ಬಟ್ಟೆಯ ಮೂಲೆಯನ್ನು ಮಡಿಸಿ ಹೆಬ್ಬೆರಳು ತೋರುಬೆರಳ ಮಧ್ಯೆ ಬಲವಾಗಿ ಒತ್ತಿ ಹಿಡಿದು ಬಿಡಿ. ಮಡಿಕೆ ತಕ್ಷಣ ಉಬ್ಬಿ ಮಾಯವಾದರೆ ಅದು ಕೋಟಿಗೆ ಸೇರಿದ ಬಟ್ಟೆ. ಸ್ವಲ್ಪ ಹೊತ್ತು ಗೆರೆ ಉಳಿದರೆ ಕಿಲ್ಟಿಗೆ ಬರುತ್ತೆ.

ಕೆರೆತದ ಬಗ್ಗೆ. ನಿಮಗಿರುವುದು ಅಲರ್ಜಿ ಆಗಿರುವ ಸಾಧ್ಯತೆ ಕಡಿಮೆ. ಉಣ್ಣೆಯ ಎಳೆ ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಇದ್ದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತೆ. ಮೆರಿನೊ ಎಳೆ 20ರ ಆಸುಪಾಸು, ಅದಕ್ಕೇ ಅದು ಬನಿಯನ್ ಆಗಿಯೂ ನಡೆಯುತ್ತೆ. ಟ್ವೀಡಿಗೆ ಬರುವ ಚೆವಿಯಟ್ ಥರದ ಕುರಿಯ ಉಣ್ಣೆ 30ರ ಹತ್ತಿರ, ಸ್ಕಾಟ್‌ಲೆಂಡಿನ ಕಪ್ಪು ಮುಖದ ಕುರಿಯದ್ದು ಅದಕ್ಕೂ ದಪ್ಪ. ಹಿಂಜಿದ ನೂಲಿನಲ್ಲಿ ಇಂಥ ತುದಿಗಳು ಸಾವಿರಗಟ್ಟಲೆ ಹೊರಗೆ ಚಾಚಿರುತ್ತವೆ. ಕುತ್ತಿಗೆಯ ಚರ್ಮ ತೆಳು, ಮೇಲಾಗಿ ಕೋಟಿನ ಕಾಲರ್ ಅಲ್ಲೇ ಉಜ್ಜುತ್ತಿರುತ್ತೆ, ಬೆವರೂ ಸೇರಿದರೆ ಕೆಂಪಾಗದೆ ಇನ್ನೇನು? ಕಿಲ್ಟಿನಲ್ಲಿ ಸೊಂಟದ ಭಾಗಕ್ಕೆ ಒಳಗಡೆ ಹತ್ತಿ ಲೈನಿಂಗ್ ಇರುತ್ತೆ, ಶರ್ಟಿನ ತುದಿಯೂ ಒಳಗೆ ಇರುತ್ತೆ. ಬರಿ ಚರ್ಮಕ್ಕೆ ತಾಗುವುದು ತೊಡೆಯ ಕೆಳಭಾಗ ಮಾತ್ರ. ಆದರೂ ಅನುಮಾನ ಇದ್ದರೆ ಅಂಗಡಿಯಿಂದ ಒಂದು ತುಂಡು ಸ್ಯಾಂಪಲ್ ತಂದು ತೊಡೆಯ ಒಳಬದಿಗೆ ಇಟ್ಟು ಮೇಲೆ ಬ್ಯಾಂಡೇಜ್ ಸುತ್ತಿ ಒಂದು ಗಂಟೆ ಓಡಾಡಿ ನೋಡಿ. ಬಟ್ಟೆ ತೆಗೆದ ಸ್ವಲ್ಪ ಹೊತ್ತಿಗೆ ಕೆರೆತ ಹೋದರೆ ಅದು ಬರೀ ಚುಚ್ಚಿದ್ದು, ಮಂಡಿವರೆಗಿನ ತೆಳು ಹತ್ತಿ ಚಡ್ಡಿ ಹಾಕಿದರೆ ಮುಗಿಯಿತು. ಗುಳ್ಳೆ ಎದ್ದು, ನೀರಾಡಿ, ದಿನಗಟ್ಟಲೆ ಉಳಿದರೆ ಬಣ್ಣಕ್ಕೋ ಉಣ್ಣೆಯ ಜಿಡ್ಡಿಗೋ ಅಲರ್ಜಿ ಇರಬಹುದು. ಆಗ ಚರ್ಮದ ಡಾಕ್ಟರ ಹತ್ತಿರ ಹೋಗಿ, ದರ್ಜಿ ಹತ್ತಿರ ಅಲ್ಲ.

ಈಗ 45 ಪೌಂಡಿನ ಕಿಲ್ಟು. ಅದು "ಟ್ವೀಡ್ ಲುಕ್", ಅಂದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಮಿಶ್ರಣ. ಹಗುರ, ನಡೆಯುವಾಗ ಕಾಲಿಗೆ ಅಂಟುತ್ತೆ, ಗಾಳಿಗೆ ಹಾರುತ್ತೆ. ಆದರೆ ದೊಡ್ಡ ವ್ಯತ್ಯಾಸ ಬಟ್ಟೆಯಲ್ಲಿ ಅಲ್ಲ, ಒಳಗಡೆಯ ಹೊಲಿಗೆಯಲ್ಲಿ. ಒಳ್ಳೆ ಕಿಲ್ಟನ್ನು ತಿರುಗಿಸಿ ನೋಡಿ. ಸೊಂಟದಿಂದ ಕೆಳಗೆ, ಹಿಂಭಾಗದ ಅತಿ ಅಗಲವಾದ ಜಾಗದವರೆಗೆ, ಒಂದೊಂದು ನಿರಿಗೆಯನ್ನೂ ಪಕ್ಕದ್ದಕ್ಕೆ ಕೈಯಿಂದ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸಿರುತ್ತಾರೆ. ನಿರಿಗೆ ಕೆಳಗೆ ಅಗಲ, ಸೊಂಟಕ್ಕೆ ಬರುತ್ತಾ ಕಿರಿದು, ಹಾಗೆ ಕಿರಿದಾಗಿಸುವುದರಲ್ಲೇ ಕಿಲ್ಟಿಗೆ ಮೈಯ ಆಕಾರ ಬರೋದು. ಒಳಗೆ ಉಳಿದ ಬಟ್ಟೆಯನ್ನು ದಪ್ಪ ಆಗದ ಹಾಗೆ ಕತ್ತರಿಸಿ ತೆಗೆದು, ಆ ಜಾಗಕ್ಕೆ ಕ್ಯಾನ್ವಾಸ್ ಕೊಟ್ಟು, ನಿರಿಗೆಗಳ ಭಾರವನ್ನೆಲ್ಲ ಕ್ಯಾನ್ವಾಸ್ ಹೊರುವ ಹಾಗೆ ಅಡ್ಡ ಹೊಲಿಗೆ ಹಾಕುತ್ತಾರೆ. ಅದರ ಮೇಲೆ ಲೈನಿಂಗ್. ಒಬ್ಬ ಪಳಗಿದ ಕೈಗೂ ಇದು ಮೂರು ದಿನದ ಕೆಲಸ. ಅಗ್ಗದ್ದರಲ್ಲಿ ಕ್ಯಾನ್ವಾಸ್ ಇಲ್ಲ, ನಿರಿಗೆಯ ಮೇಲೆ ಮಷಿನ್ ಒಮ್ಮೆ ಓಡಿರುತ್ತೆ ಅಷ್ಟೇ. ಮದುವೆ ಊಟಕ್ಕೆ ಕೂತು ಏಳುವಷ್ಟರಲ್ಲಿ ಹಿಂದೆ ನಿರಿಗೆಗಳು ಬಾಯಿ ಬಿಟ್ಟಿರುತ್ತವೆ, ನಿಮಗೆ ಮಾತ್ರ ಅದು ಕಾಣುವುದಿಲ್ಲ.

ಹಾಗಂತ ತಕ್ಷಣ 700 ಪೌಂಡ್ ಸುರಿಯಿರಿ ಅಂತ ನಾನು ಹೇಳುವುದಿಲ್ಲ. ನಿಮಗಿರುವುದು ಏಳು ವಾರ. ಕೈಯಲ್ಲಿ ಹೊಲಿಯುವ ವರ್ಕ್‌ಶಾಪುಗಳು ಸಾಮಾನ್ಯವಾಗಿ ಎರಡು ಮೂರು ತಿಂಗಳು ಕೇಳುತ್ತವೆ, ಮದುವೆ ಸೀಸನ್‌ನಲ್ಲಿ ಇನ್ನೂ ಜಾಸ್ತಿ. ಯಾರಾದರೂ ಎರಡು ವಾರದಲ್ಲಿ ಕೊಡ್ತೀವಿ ಅಂದರೆ ಅದು ಎಲ್ಲೋ ಹೊಲಿದು ಇಟ್ಟಿದ್ದು, ಇಲ್ಲ ಅವಸರದ್ದು. ಇದಕ್ಕೆ ನನ್ನ ಸಲಹೆ ಬಾಡಿಗೆ. ಕೋಟು, ಸ್ಪೋರನ್ (ಕಿಲ್ಟಿನ ಮುಂದೆ ಸೊಂಟದಿಂದ ತೂಗುಬಿಡುವ ಚೀಲ), ಕಾಲುಚೀಲ, ಶೂ ಎಲ್ಲ ಸೇರಿ ಸುಮಾರು 80ರಿಂದ 130 ಪೌಂಡ್ ಆಗುತ್ತೆ. ಬಾಡಿಗೆಯ ತೊಂದರೆ ಏನೆಂದರೆ ಟ್ವೀಡಿನಲ್ಲಿ ಆಯ್ಕೆ ಕಡಿಮೆ, ಅಳತೆ ಹತ್ತಿರಹತ್ತಿರಕ್ಕೆ ಮಾತ್ರ ಸಿಗುತ್ತೆ, ಗಿಡ್ಡ ಇರುವವರಿಗೆ ಉದ್ದ ಆಗುವುದೇ ಹೆಚ್ಚು. ಇವತ್ತೇ ಬುಕ್ ಮಾಡಿ, ಹಿಂದಿನ ವಾರ ಹೋಗಿ ಹಾಕಿ ನೋಡಿ, ಹಿಂದಿನ ದಿನ ಅಲ್ಲ. ಟ್ವೀಡ್ ಸಿಗದಿದ್ದರೆ ಟಾರ್ಟನ್ನೇ ತಗೊಳ್ಳಿ, ನಿಮ್ಮ ಗೆಳೆಯನ ಮನೆಯವರ ಟಾರ್ಟನ್ ಹಾಕಲಾ ಅಂತ ಅವನನ್ನೇ ಕೇಳಿ. ಹಾಗೆ ಕೇಳಿದರೆ ಖುಷಿ ಪಡುವವರೇ ಜಾಸ್ತಿ. ಹಾಗೆಯೇ ಆಮಂತ್ರಣದಲ್ಲಿ ಬ್ಲ್ಯಾಕ್ ಟೈ, ಅಂದರೆ ಸಂಜೆಯ ಔಪಚಾರಿಕ ಉಡುಪು, ಅಂತ ಬರೆದಿದೆಯಾ ನೋಡಿ. ಇದ್ದರೆ ಟ್ವೀಡ್ ಬೇಡ, ಟ್ವೀಡ್ ಹಗಲಿನ ಬಟ್ಟೆ.

ಮದುವೆ ಮುಗಿದ ಮೇಲೂ ಆಸೆ ಉಳಿದಿದ್ದರೆ ಆಗ ಕೊಳ್ಳುವ ಮಾತು. 5 ಗಜದ ಉಣ್ಣೆ ಕಿಲ್ಟ್ ರೆಡಿಮೇಡ್ 200ರಿಂದ 350 ಪೌಂಡಿಗೆ ಸಿಗುತ್ತೆ, ಟ್ವೀಡಿನ ಮಟ್ಟಿಗೆ ಇದು ಕೆಟ್ಟ ಆಯ್ಕೆಯಲ್ಲ. ಬಾಡಿಗೆ ಅಂಗಡಿಗಳು ಹಳೇದನ್ನು ಮಾರುವಾಗ ಕಾದು ಹಿಡಿದರೆ ಇನ್ನೂ ಒಳ್ಳೇದು. ಬೆಳಕಿಗೆ ಎತ್ತಿ ಹಿಡಿದು ನುಸಿ ತಿಂದ ತೂತು ಇದೆಯಾ ನೋಡಿ, ನಿರಿಗೆಯ ಒಳಮಡಿಕೆಯಲ್ಲೂ ನೋಡಿ. ಸೊಂಟವನ್ನು ಬಕಲ್ ಜರುಗಿಸಿ ಒಂದೆರಡು ಇಂಚು ಹೆಚ್ಚು ಕಡಿಮೆ ಮಾಡಬಹುದು. ಉದ್ದ ಮಾತ್ರ ಬದಲಾಗುವುದಿಲ್ಲ. ಒಳ್ಳೆ ಕಿಲ್ಟಿನ ಕೆಳಗೆ ಮಡಿಸಿ ಹೊಲಿದಿರುವುದಿಲ್ಲ, ಮಗ್ಗದಿಂದ ಬಂದ ಅಂಚೇ ಕೆಳಗಿನ ಅಂಚು. ಬಿಚ್ಚಿ ಇಳಿಸಲು ಅಲ್ಲಿ ಬಟ್ಟೆಯೇ ಇಲ್ಲ.

ಅಳತೆಯಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಪ್ಯಾಂಟನ್ನೋ ಪಂಚೆಯನ್ನೋ ಹೊಟ್ಟೆಯ ಕೆಳಗೆ ಕಟ್ಟಿ ರೂಢಿ, ಆ ನಂಬರನ್ನೇ ಫೋನಿನಲ್ಲಿ ಕೊಡುತ್ತಾರೆ. ಕಿಲ್ಟ್ ಕೂರುವುದು ಹೊಕ್ಕುಳಿನ ಮಟ್ಟದಲ್ಲಿ, ಸ್ವಲ್ಪ ಮೇಲೇ ಅನ್ನಿ. ಹೊಟ್ಟೆ ಇದ್ದರೆ ಅದರ ಮೇಲೆ, ಕೆಳಗಲ್ಲ. ಕೆಳಗೆ ಕಟ್ಟಿದರೆ ಮುಂದಿನ ಅಂಚು ಇಳಿದು ಹಿಂದಿನದು ಏರುತ್ತೆ. ಕೆಳಗಿನ ಅಂಚು ಮಂಡಿಚಿಪ್ಪಿನ ಮಧ್ಯಕ್ಕೆ ಅಥವಾ ಅದಕ್ಕೂ ಸ್ವಲ್ಪ ಮೇಲಕ್ಕೆ ಬರಬೇಕು. ಮಂಡಿ ಮುಚ್ಚಿದರೆ ನಿಮ್ಮಮ್ಮ ಹೇಳಿದ್ದು ನಿಜವಾಗಿಬಿಡುತ್ತೆ. ಉಡುವಾಗ ಒಳಪದರ ಎಡಕ್ಕೆ, ಮೇಲಿನ ಪದರ ಬಲಕ್ಕೆ, ಅಂದರೆ ಗೊಂಡೆ ಬಿಟ್ಟ ಅಂಚು ನಿಮ್ಮ ಬಲಗಡೆ. ನಿರಿಗೆ ಯಾವತ್ತೂ ಹಿಂದೆ. ಕಿಲ್ಟ್ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಿ, ಎರಡೂ ಪದರ ಸೇರಿಸಿ ಚುಚ್ಚಿದರೆ ನಡೆಯುವಾಗ ಎಳೆದು ಬಟ್ಟೆ ಹರಿಯುತ್ತೆ. ಸ್ಪೋರನ್ ಸೊಂಟದ ಬಕಲ್‌ನಿಂದ ಒಂದು ಅಂಗೈ ಕೆಳಗೆ. ಕಾಲುಚೀಲದ ಮಡಿಕೆ ಮಂಡಿಚಿಪ್ಪಿನ ಕೆಳಗೆ ಮೂರು ಬೆರಳು ಬಿಟ್ಟು, ಟ್ವೀಡಿಗೆ ಬೆಳ್ಳಗಿನದು ಬೇಡ, ಮಾಸಲು ಹಸಿರು ಅಥವಾ ಕಂದು ಚೆನ್ನ. ಕಂದು ಬಣ್ಣದ ಮಾಮೂಲಿ ಲೆದರ್ ಶೂ ನಡೆಯುತ್ತೆ.

ಕೂರುವಾಗ ಎರಡೂ ಕೈಯಿಂದ ಹಿಂದಿನ ನಿರಿಗೆ ಸವರಿಕೊಂಡು ಕೂರಿ. ಕೂತ ಮೇಲೆ ಸ್ಪೋರನ್ ತೊಡೆಗಳ ಮಧ್ಯೆ ಇಳಿದು ಮಾನ ಕಾಯುತ್ತೆ. ಪಂಚೆ ಉಟ್ಟು ಬೆಳೆದವರಿಗೆ ಇದೆಲ್ಲ ಅರ್ಧ ಗೊತ್ತಿರುತ್ತೆ, ಒಂದು ಅಪಾಯ ಬಿಟ್ಟು: ಮೆಟ್ಟಿಲು ಹತ್ತುವಾಗ ಕೈ ತಾನಾಗಿಯೇ ಅಂಚು ಹಿಡಿದು ಮೇಲೆತ್ತಲು ಹೋಗುತ್ತೆ. ದಯವಿಟ್ಟು ಬೇಡ.

ಒಳಗೆ ಏನು ಅನ್ನುವುದಕ್ಕೆ ಉತ್ತರ: ಚಡ್ಡಿ. ಏನೂ ಹಾಕದೆ ಇರುವುದು ಸೈನ್ಯದ ಕಡೆಯಿಂದ ಬಂದ ರೂಢಿ, ಈಗ ಪಬ್ಬಿನ ಜೋಕು. ಬಾಡಿಗೆ ಕಿಲ್ಟನ್ನು ನಿಮಗಿಂತ ಮುಂಚೆ ಎಷ್ಟು ಜನ ಹಾಕಿರುತ್ತಾರೆ ಅಂತ ಯೋಚಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ? ಮೇಲಾಗಿ ಊಟ ಆದ ಮೇಲೆ ಕೇಲಿ ಅನ್ನುವ ಸ್ಕಾಟಿಷ್ ಗುಂಪು ಕುಣಿತ ಇರುತ್ತೆ. ಸ್ಟ್ರಿಪ್ ದ ವಿಲೋ ಅನ್ನುವ ಕುಣಿತದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಗಿರಗಿರ ತಿರುಗಿಸಿ ಎಸೆಯುತ್ತಾರೆ, ಐದು ಗಜದ ನಿರಿಗೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ಯಾರಾದರೂ ಒಳಗೇನಿದೆ ಅಂತ ಕೇಳಿಯೇ ಕೇಳುತ್ತಾರೆ, ನಕ್ಕು ಸುಮ್ನಾಗಿ. ಅಲ್ಲಿ ಸೆಕೆಯೂ ಆಗುತ್ತೆ. ಕೋಟು ತೆಗೆದು ವೇಸ್ಟ್‌ಕೋಟಿನಲ್ಲೇ ಕುಣಿಯಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕಾಲುಚೀಲಕ್ಕೆ ಸಿಕ್ಕಿಸುವ ಸಣ್ಣ ಚಾಕು ಸ್ಕೀಯನ್ ಡೂ. ರಾಷ್ಟ್ರೀಯ ಉಡುಪಿನ ಭಾಗವಾಗಿ ಇಟ್ಟುಕೊಳ್ಳಲು ಇಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ಬಾಡಿಗೆ ಸೆಟ್ಟಿನಲ್ಲಿ ಹೆಚ್ಚಾಗಿ ಅಲಗೇ ಇಲ್ಲದ ಪ್ಲಾಸ್ಟಿಕ್ ಹಿಡಿ ಬರುತ್ತೆ, ಅದೇ ಸಾಕು. ನಿಜವಾದದ್ದು ಕೊಂಡರೆ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ.

ಬೆಂಗಳೂರಿನಲ್ಲಿ ಹಾಕಬಹುದಾ? ಡಿಸೆಂಬರ್, ಜನವರಿಯ ಸಂಜೆಗೆ ಧಾರಾಳವಾಗಿ. ಏಪ್ರಿಲ್ ದಾವಣಗೆರೆಗೆ ಬೇಡ. 8 ಗಜದ ದಪ್ಪ ಕಿಲ್ಟ್ ಎರಡು ಕಿಲೋ ಹತ್ತಿರ ತೂಗುತ್ತೆ. ಹೈಲ್ಯಾಂಡ್ ಪಡೆಗಳವರೇ ಭಾರತದ ಬಿಸಿಲಿಗೆ ಕಿಲ್ಟ್ ಪಕ್ಕಕ್ಕಿಟ್ಟು ಪ್ಯಾಂಟ್ ಹಾಕಿದ್ದುಂಟು, ನಿಮಗೆ ನನಗೆ ಯಾಕೆ ಆ ಹಟ?

ಕೊಂಡು ಊರಿಗೆ ತಂದಿರೋ, ದೊಡ್ಡ ಶತ್ರು ನುಸಿ. ಬಟ್ಟೆ ತಿನ್ನುವುದು ಹಾರುವ ಚಿಟ್ಟೆ ಅಲ್ಲ, ಅದರ ಮರಿಹುಳ. ಅದಕ್ಕೆ ಬೆವರು, ಸಾರಿನ ಕಲೆ ಇರುವ ಉಣ್ಣೆಯೇ ಇಷ್ಟ. ಹಾಗಾಗಿ ಹಾಕಿದ ಮೇಲೆ ಕೊಳೆ ಇದ್ದ ಹಾಗೆ ಪೆಟ್ಟಿಗೆಗೆ ಹಾಕಬೇಡಿ. ಬ್ರಷ್ ಮಾಡಿ, ಒಂದು ರಾತ್ರಿ ಗಾಳಿಗೆ ತೂಗುಹಾಕಿ, ಕಲೆ ಇದ್ದ ಜಾಗ ಮಾತ್ರ ತಣ್ಣೀರಿನ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ವಾಷಿಂಗ್ ಮಷಿನ್ ಕಡೆ ತಲೆಯೂ ಹಾಕಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪದರು ಇರುತ್ತೆ, ಬಿಸಿನೀರಲ್ಲಿ ಕಲಕಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕಂಬಳಿಯಾಗುತ್ತೆ, ಮತ್ತೆ ಬಿಡಿಸಲು ಆಗುವುದಿಲ್ಲ. ಡ್ರೈಕ್ಲೀನಿಂಗ್‌ಗೆ ಕೊಡುವ ಮುಂಚೆ ಕೆಳಗಿನ ನಿರಿಗೆಗಳಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಕೊಡಿ, ಇಲ್ಲದಿದ್ದರೆ ಅವರ ಇಸ್ತ್ರಿಯಲ್ಲಿ ನಿರಿಗೆ ಎಲ್ಲಿಗೋ ಹೋಗಿರುತ್ತೆ. ಮನೆಯಲ್ಲಿ ಇಸ್ತ್ರಿ ಮಾಡುವುದಾದರೆ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ ಒತ್ತಿ ಎತ್ತಿ, ಎಳೆಯಬೇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರಗೆ ತೆಗೆದು ಕೊಡವಿ. ನುಸಿಗುಳಿಗೆ ಕೆಲಸ ಮಾಡುತ್ತೆ, ಆದರೆ ಆ ವಾಸನೆ ಟ್ವೀಡಿನಿಂದ ಬಿಡಿಸೋದು ದೇವರಿಗೇ ಕಷ್ಟ. ನುಸಿ ಬಿದ್ದ ಅನುಮಾನ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿ ಇಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬೇಡಿ, ಬಟ್ಟೆ ಕೋಣೆಯ ಬಿಸಿಗೆ ಬರುವ ತನಕ ಕಟ್ಟಿದ ಹಾಗೇ ಇರಲಿ. ಇಲ್ಲದಿದ್ದರೆ ಗಾಳಿಯ ತೇವವೆಲ್ಲ ಅದರ ಮೇಲೇ ಕೂರುತ್ತೆ.